ಮೊದಲ ಮಳೆಯ ಒಂಟಿ ಗೀರು

ಇನ್ಸ್‌ಪೆಕ್ಟರರ ಮನೆಯಿಂದ ಕೊಡೆ ಕಾಣೆಯಾಗಿತ್ತು. ಇದು ಸಣ್ಣ ವಿಷಯವೆಂದು ಯಾರಾದರೂ ತಿಳಿದರೆ ಅವರು ಆ ಕೊಡೆಯನ್ನು ಕಂಡವರಲ್ಲ. ಕಡ್ಡಿಗಳೆಲ್ಲ ನೆಟ್ಟಗಿದ್ದ, ಬಟ್ಟೆಯಲ್ಲಿ ಒಂದೂ ತೂತಿಲ್ಲದ, ಗಂಡಹೆಂಡತಿ ಜಗಳವಾಡುತ್ತ ನಡೆದರೂ ಇಬ್ಬರ ಹೆಗಲನ್ನೂ ನೆನೆಯದಂತೆ ಕಾಯುತ್ತಿದ್ದ, ಆ ಮನೆಯ ಒಂದೇ ಒಂದು ಮರ್ಯಾದಸ್ಥ ಕೊಡೆ ಅದು. ಹಿಡಿ ಸೀಳಿದಾಗ ಹೆಂಡತಿ ಅದಕ್ಕೆ ನೀಲಿ ಉಲ್ಲನ್ ದಾರ ಬಿಗಿಯಾಗಿ ಸುತ್ತಿ ಮರುಜನ್ಮ ಕೊಟ್ಟಿದ್ದಳು. ಕಳ್ಳತನದ ಕೇಸುಗಳಲ್ಲಿ ಹೆಸರು ಮಾಡಿದ ಅಧಿಕಾರಿಯ ಮನೆಯಲ್ಲೇ ಹೀಗಾದರೆ ಊರಿನ ಉಳಿದ ಕೊಡೆಗಳ ಗತಿಯೇನು?

"ಎಲ್ಲೋ ಬಿಟ್ಟು ಬಂದಿದ್ದೀನಿ. ಕೊಡೆ ತಾನೇ, ಬಿಡಿ," ಎಂದಿದ್ದಳು ಹೆಂಡತಿ. ಸೇಫ್ಟಿ ಪಿನ್ನು ಕಳೆದರೆ ಇಡೀ ಮನೆಯನ್ನು ತಲೆಕೆಳಗು ಮಾಡುವವಳು ಅಷ್ಟು ಹೇಳಿ, ಥಂಡಿಗೆ ಮಂಡಿ ಹಿಡಿದಿದೆಯೆಂದು ಮುಲಾಮು ಹಚ್ಚಿಕೊಳ್ಳಲು ಒಳಗೆ ಹೋಗಿದ್ದಳು.

ಹೀಗಾಗಿ ಸೋಮವಾರ ಬೆಳಿಗ್ಗೆ ಮೋಟಾರ್‌ಸೈಕಲ್ ತರಬೇತಿ ಶಾಲೆಯ ಶೆಡ್ಡಿನಲ್ಲಿ ಇನ್ಸ್‌ಪೆಕ್ಟರರು ಹಿಡಿದು ನಿಂತಿದ್ದದ್ದು ಅಟ್ಟದಿಂದ ಇಳಿಸಿದ ಹಳೆಯ ಕೊಡೆ. ಕಡ್ಡಿ ಮುರಿದು, ಏಟು ತಿಂದ ಕಾಗೆಯಂತೆ ಒಂದು ರೆಕ್ಕೆ ಇಳಿಬಿಟ್ಟಿತ್ತು. ಅದರಿಂದ ತೊಟ್ಟಿಕ್ಕುವ ನೀರು ಗುರಿಯಿಟ್ಟಂತೆ ಅವರ ಎಡಗಾಲಿನ ಶೂ ಒಳಕ್ಕೇ ಬೀಳುತ್ತಿತ್ತು.

ಎದುರಿನ ಬೆಂಚಿನ ಮೇಲೆ ಕುಳಿತಿದ್ದ ಹುಡುಗಿ ಆಗಷ್ಟೇ ಹೇಳಿದ್ದಳು: "ಗಾಡಿ ಓಡಿಸ್ತಿದ್ದೋಳು ನಾನೇ ಸಾರ್. ಬರ್ಕೊಳ್ಳಿ."

ಅವಳ ಅಪ್ಪ, ಅರ್ಧ ಊರಿಗೆ ಬೈಕ್ ಕಲಿಸಿದ ಮಾಸ್ಟರು, ಶುಕ್ರವಾರ ಸಂಜೆ ವರ್ಷದ ಮೊದಲ ಮಳೆಯಲ್ಲಿ ನೀರಿನ ಟ್ಯಾಂಕಿನ ಕೆಳಗಿನ ತಿರುವಿನಲ್ಲಿ ಬಿದ್ದು ಆಸ್ಪತ್ರೆ ಸೇರಿದವರು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಇನ್ಸ್‌ಪೆಕ್ಟರರು ಪಕ್ಕಕ್ಕೆ ನೋಡಿದರು. ಹೇಳಿಕೆ ಬರೆದುಕೊಳ್ಳಬೇಕಾದ ದಫೇದಾರರು ಪೆನ್ನನ್ನು ಝಾಡಿಸುತ್ತಿದ್ದರು.

"ಬರೀತಾ ಇಲ್ಲ ಸಾರ್."

"ನಿಮ್ಮ ಪೆನ್ನು?"

"ಥಂಡಿಗೆ ಇರಬೇಕು." ದಫೇದಾರರು ಪೆನ್ನನ್ನು ಅಂಗೈಗೆ ಉಜ್ಜಿದರು. "ನಾನು ಮೊದಲೇ ಹೇಳ್ದೆ ಸಾರ್. ಮಳೆ, ರಸ್ತೆ, ಜಾರಿದರು. ಇದರಲ್ಲಿ ಕೇಸೇನಿದೆ? ಮಗು ಏನೋ ದುಃಖದಲ್ಲಿ ಮಾತಾಡ್ತಿದೆ. ಮುಚ್ಚಿಬಿಡೋಣ."

ಮುಚ್ಚುವುದೇನೋ ಸುಲಭವಿತ್ತು. ಸಂಜೆಯೊಳಗೆ ಫೈಲು ತಮ್ಮ ಮೇಜಿಗೆ ಬರಬೇಕೆಂದು ಮೇಲಿನವರು ಹೇಳಿಯಾಗಿತ್ತು. ಹುಡುಗಿಯ ಹೇಳಿಕೆ ಅದರೊಳಗೆ ಹೋದರೆ ಹುಡುಗಿ ಲಾಕಪ್ಪಿನೊಳಗೆ ಹೋಗುತ್ತಾಳೆ. ಪೆಟ್ಟು ಬಿದ್ದವರನ್ನು ರಸ್ತೆಯಲ್ಲಿ ಬಿಟ್ಟು ಓಡಿದ ಆರೋಪ. ಮಾಸ್ಟರು ಏಳದಿದ್ದರೆ ಇನ್ನೂ ದೊಡ್ಡದು. ಹೇಳಿಕೆ ಬೇಡವೆಂದರೆ, ಜಾರಿದರು ಎಂಬ ದಫೇದಾರರ ಮಾತಿಗೆ ಸಹಿ ಹಾಕಬೇಕು. ಮಾಸ್ಟರು ಜಾರಿದ್ದರು ಎಂದು ನಂಬಲು ಮಾತ್ರ ಇನ್ಸ್‌ಪೆಕ್ಟರರಿಗೆ ಮನಸ್ಸೇ ಬರುತ್ತಿರಲಿಲ್ಲ.

ಮೊದಲ ಹನಿ ಬಿದ್ದ ರಸ್ತೆಯೆಂದರೆ ಸೋಪು ಚೆಲ್ಲಿದ ಬಚ್ಚಲು. ತಿಂಗಳುಗಟ್ಟಲೆ ಕೂತ ಧೂಳು, ಲಾರಿಗಳು ಸೋರಿಸಿದ ಎಣ್ಣೆ ಎಲ್ಲ ಎದ್ದು ಮೇಲೆ ತೇಲುತ್ತದೆ. ಜೋರು ಮಳೆ ತೊಳೆದುಕೊಂಡು ಹೋದ ರಸ್ತೆಯನ್ನಾದರೂ ನಂಬಬಹುದು, ಇದನ್ನಲ್ಲ. ಶುಕ್ರವಾರ ಬಿದ್ದದ್ದು ಅಂಥ ಹನಿಯೇ. ಆ ಜಿಡ್ಡಿನ ಮೇಲೆ ಉರುಳುವುದನ್ನು ಬಿಟ್ಟು ಎಳೆದುಕೊಂಡು ಹೋದ ಒಂದು ಚಕ್ರ, ನೆಲ ಒರೆಸಿದ ಬಟ್ಟೆಯಂತೆ ಶುಭ್ರವಾದ ಗೀರೊಂದನ್ನು ಬಿಟ್ಟಿತ್ತು. ಸ್ವಲ್ಪ ದೂರ ನೇರ, ಆಮೇಲೆ ಬಾಲ ಬೀಸಿದಂತೆ ಪಕ್ಕಕ್ಕೆ. ಹಿಂದಿನ ಟೈರು ಒಂದೇ ಜಾಗದಲ್ಲಿ ಉಜ್ಜಿ ಹೊಳೆಯುತ್ತಿತ್ತು. ಮುಂದಿನ ಟೈರಿಗೆ ಏನೂ ಆಗಿರಲಿಲ್ಲ. ಅಂದರೆ ಓಡಿಸುತ್ತಿದ್ದವರು ಗಾಬರಿಯಲ್ಲಿ ಕಾಲಿನ ಬ್ರೇಕನ್ನು ಹುಳ ತುಳಿದಂತೆ ತುಳಿದಿದ್ದರು. ಕೈಯ ಬ್ರೇಕನ್ನು ಮುಟ್ಟಿಯೇ ಇರಲಿಲ್ಲ.

ಮಳೆಯಲ್ಲಿ ಎರಡೂ ಬ್ರೇಕು, ಮೆಲ್ಲಗೆ, ಮೊದಲೇ, ಗಾಡಿ ನೆಟ್ಟಗಿದ್ದಾಗ ಎಂದು ಜೀವನವಿಡೀ ಜಪಿಸಿದ ಮನುಷ್ಯ ಹಾಗೆ ತುಳಿಯುತ್ತಾನೆಯೇ?

ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿತ್ತು. ಬಿದ್ದ ಗಾಡಿಯ ಹಿಂಬದಿ ಸವಾರರ ಕಾಲುಮೆಟ್ಟುಗಳು ಎರಡೂ ಮಡಿಕೆ ಬಿಚ್ಚಿ ಹೊರಗೆ ಚಾಚಿದ್ದವು. ಅವುಗಳ ರಬ್ಬರಿನ ಗೆರೆಗಳಲ್ಲಿ ಮಾಸ್ಟರ ಬೂಟಿನ ಕೆಂಪು ಮಣ್ಣಿತ್ತು. ಮಾಸ್ಟರು ಹಿಂದೆ ಕೂತಿದ್ದರು. ಮುಂದೆ ಕೂತಿದ್ದವರು ಎದ್ದು ಹೋಗಿದ್ದರು.

ಇದನ್ನು ಇನ್ಸ್‌ಪೆಕ್ಟರರು ಬಾಯಿಬಿಟ್ಟು ಹೇಳಿದ ಮರುಕ್ಷಣವೇ ಹುಡುಗಿ "ನಾನೇ" ಎಂದಿದ್ದಳು.

"ಈ ಹುಡುಗಿ ಮಾತು ನಂಬಬೇಡಿ ಸಾರ್," ಎಂದ ಅವಳ ಸೋದರಮಾವ, ಎಡಗೈಯಲ್ಲಿ ಟೀ ಬಸಿಯುತ್ತ. ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದು ಹದಿನೈದು ದಿನದ ಮೇಲಾಗಿತ್ತು. ಬೈಕಿನಿಂದಲ್ಲ, ಕುರ್ಚಿ ಹತ್ತಿ ಬಲ್ಬು ಹಾಕಲು ಹೋಗಿ. ಬೈಕ್ ಶಾಲೆಯ ಎರಡನೇ ಗುರುವಿಗೆ ಇದು ಹೇಳಿಕೊಳ್ಳುವಂಥ ಗಾಯವಾಗಿರಲಿಲ್ಲ. "ಚಿಕ್ಕೋಳಿದ್ದಾಗ ಕಿಟಕಿ ಗಾಜು ಒಡೆದಿದ್ದು ನಾನು. ತಾನೇ ಒಡೆದೆ ಅಂತ ಹೋಗಿ ಭಾವನ ಹತ್ರ ಏಟು ತಿಂದ್ಲು. ಆವತ್ತಿಂದ ಇದೇ ಚಾಳಿ."

"ನೀನು ಸುಮ್ನಿರು ಮಾವ."

"ನಾನ್ಯಾಕೆ ಸುಮ್ನಿರಲಿ? ಶುಕ್ರವಾರ ನೀನು ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡ್ತಿದ್ದೆ."

"ನೀನು ನೋಡಿದ್ಯಾ? ಎಲ್ಲಿದ್ದೆ ನೀನು ಆವಾಗ?"

ಮಾವನ ಎಡಗೈ ಗುರಿ ತಪ್ಪಿತು. ಟೀ ಲೋಟದ ಹೊರಗೆ ಬಿತ್ತು.

ಇನ್ಸ್‌ಪೆಕ್ಟರರು ಹುಡುಗಿಯ ಕಣ್ಣನ್ನು ನೋಡುತ್ತಿದ್ದರು. ಅದು ಮಾವನ ಮುಖದ ಮೇಲಿರಲಿಲ್ಲ, ಪ್ಲಾಸ್ಟರಿನ ಮೇಲಿತ್ತು. ಮುಂದಿನ ಬ್ರೇಕಿನ ಲಿವರು ಇರುವುದು ಬಲಗೈಗೆ. ಒಂಟಿ ಗೀರನ್ನು ಅವಳೂ ಹೋಗಿ ನೋಡಿದ್ದಾಳೆ. ಮಾಸ್ಟರ ಮಗಳು ಅದನ್ನು ಓದದೆ ಇರುತ್ತಾಳೆಯೇ? ಬಲಗೈ ಬಾರದವರು ಯಾರು, ಕಾಲನ್ನೇ ನಂಬಬೇಕಾದವರು ಯಾರು ಎಂದು ಲೆಕ್ಕ ಹಾಕಿದ್ದಾಳೆ. ಇಲಾಖೆಯಲ್ಲಿ ಇಷ್ಟು ಚುರುಕಿನವರು ಇಬ್ಬರಿದ್ದರೆ ತಾನು ರಜೆ ಹಾಕಬಹುದಿತ್ತು ಎನ್ನಿಸಿತು ಅವರಿಗೆ.

"ಬಿದ್ದಾಗ ಎಲ್ಲಿ ಪೆಟ್ಟಾಯ್ತಮ್ಮ?" ಎಂದು ಕೇಳಿದರು.

"ಎಲ್ಲೂ ಇಲ್ಲ. ಪಕ್ಕದ ಹುಲ್ಲಿನ ಮೇಲೆ ಬಿದ್ದೆ."

"ಮೊದಲ ಮಳೆ ಇನ್ನೂ ಬೀಳ್ತಾ ಇತ್ತು. ಅಷ್ಟರಲ್ಲೇ ಹುಲ್ಲು ಬಂದ್ಬಿಟ್ಟಿತ್ತಾ?"

ಹುಡುಗಿ ತುಟಿ ಕಚ್ಚಿದಳು. ಮಾವ ಲೋಟ ಕೆಳಗಿಟ್ಟು ಅವಳನ್ನೇ ನೋಡಿದ. ಯಾಕೆ ಹೀಗೆ ಹೇಳುತ್ತಿದ್ದಾಳೆಂದು ಆಗ ಹೊಳೆದಿರಬೇಕು.

"ಅಯ್ಯೋ ಪುಟ್ಟಿ," ಎಂದ ಮೆತ್ತಗೆ. "ನಾನು ಅಂದ್ಕೊಂಡ್ಯಾ?" ಆಮೇಲೆ ಇನ್ಸ್‌ಪೆಕ್ಟರರ ಕಡೆ ತಿರುಗಿದ. "ಮೂರು ಬೀದಿ ಆಚೆ ಸೆಲೂನಲ್ಲಿದ್ದೆ ಸಾರ್. ಮೀಸೆಗೆ ಬಣ್ಣ ಹಾಕಿಸ್ತಿದ್ದೆ. ಒಣಗೋವರೆಗೂ ಬಾಯಿ ಬಿಡಬೇಡ ಅಂದಿದ್ದ ಸೆಲೂನಿನವನು. ಆ ಹೊತ್ತಿಗೇ ಫೋನ್ ಬಂತು. ಬೇಕಾದ್ರೆ ಕೇಳಿ, ಅರ್ಧ ಮೀಸೆಯಲ್ಲೇ ಆಸ್ಪತ್ರೆಗೆ ಓಡಿದೆ."

ಇನ್ಸ್‌ಪೆಕ್ಟರರು ಮೀಸೆಯನ್ನು ಪರಿಶೀಲಿಸಿದರು. ಎಡಭಾಗ ಕಾಡಿಗೆ, ಬಲಭಾಗ ಬೂದಿ. ಅನುಮಾನಕ್ಕೆ ಎಡೆಯಿರಲಿಲ್ಲ.

"ಸರಿ," ಎಂದರು. "ಆದರೂ ಹೇಳಿಕೆ ಅಂದ್ಮೇಲೆ ಪರೀಕ್ಷೆ ಮಾಡಬೇಕಲ್ಲ. ಗಾಡಿ ತೆಗಿಯಮ್ಮ. ಮಳೆ ಹೇಗೂ ಬರ್ತಿದೆ. ಶುಕ್ರವಾರ ಹೇಗೆ ಬ್ರೇಕ್ ಹಾಕಿದೆ ತೋರಿಸು. ದಫೇದಾರ್ರೇ, ನೀವು ಹಿಂದೆ ಕೂತ್ಕೊಳ್ಳಿ."

"ನಾನಾ ಸಾರ್?"

"ಮಾಸ್ಟರದ್ದು ನಿಮ್ಮದೇ ಮೈಕಟ್ಟು. ನನ್ನ ತೂಕಕ್ಕೆ ಗಾಡಿ ಸುಳ್ಳು ಹೇಳುತ್ತೆ. ಎಲ್ಲಾದರೂ ಒಂದು ಕಡೆ, ಅವಳಿಗೆ ಮುಂಚೆ ಗೊತ್ತಾಗದ ಹಾಗೆ, ಬ್ರೇಕ್ ಹಾಕಿಸಿ. ಹೇಗೆ ಹಾಕಿಸ್ತೀರೋ ನಿಮಗೇ ಬಿಟ್ಟಿದ್ದು."

ಅಂಗಳ ಸಿಮೆಂಟಿನದು. ಸಾಲಾಗಿ ಹಳದಿ ಪ್ಲಾಸ್ಟಿಕ್ ಬಕೆಟ್ಟುಗಳು, ನೆಲದ ಮೇಲೆ ಬಿಳಿ ಬಣ್ಣದ ಪಟ್ಟೆಗಳು. ಒಂದು ಮೂಲೆಯಲ್ಲಿ ಬೇಕೆಂದೇ ಹಾಕಿಸಿದ್ದ ಚರಂಡಿಯ ಕಬ್ಬಿಣದ ಮುಚ್ಚಳ. ಮಳೆಯಲ್ಲಿ ಬಿಳಿ ಬಣ್ಣ ಮತ್ತು ಕಬ್ಬಿಣ ಇವೆರಡರ ಮೇಲೆ ಬ್ರೇಕ್ ಹಾಕಿದವನು ನನಗೆ ಎತ್ತಿ ನಿಲ್ಲಿಸುವ ಕೆಲಸ ಕೊಡುತ್ತಾನೆ ಎಂದು ಮಾಸ್ಟರು ಹೇಳುತ್ತಿದ್ದದ್ದು ಇನ್ಸ್‌ಪೆಕ್ಟರರಿಗೆ ನೆನಪಿತ್ತು. ನೆನಪಿರಲು ಕಾರಣವನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಅವರೂ ಇಲ್ಲಿ ಎರಡು ಸಂಜೆ ಬಂದಿದ್ದರು. ಬೆನ್ನುನೋವೆಂಬ ನೆಪ ಸಿಕ್ಕಿ ಮೂರನೇ ಸಂಜೆ ಜೀಪಿನ ಡ್ರೈವರನ ಬಳಿಗೆ ಗೌರವವಾಗಿ ಮರಳಿದ್ದರು.

ಬೆಳಗಿನ ಬ್ಯಾಚಿಗೆ ಹುಡುಗರು ಬರುತ್ತಾರೆ. ಸಂಜೆಯದು ಬೇರೆ. ಅದು ಇಷ್ಟು ವಯಸ್ಸಾದರೂ ಗಾಡಿ ಬರುವುದಿಲ್ಲವೆಂದು ಹೇಳಿಕೊಳ್ಳಲು ನಾಚುವ ದೊಡ್ಡವರದು. ಅವರು ಬೀದಿಯ ತುದಿಯಲ್ಲೇ ಹೆಲ್ಮೆಟ್ ಹಾಕಿಕೊಂಡು, ಗಾಜು ಇಳಿಸಿಕೊಂಡು ನಡೆದು ಬರುತ್ತಾರೆ. ಮಾಸ್ಟರು ಹೆಸರು ಕೇಳುವುದಿಲ್ಲ. ಊರಿನ ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ಯಾರ ಮನೆಯ ಯಾರು, ಯಾವ ಹೆಲ್ಮೆಟ್ಟಿನಲ್ಲಿ ಯಾರಿದ್ದಾರೆಂದು ದೇವರಿಗೂ ಮಾಸ್ಟರಿಗೂ ಮಾತ್ರ ಗೊತ್ತು. ಇಬ್ಬರೂ ಸದ್ಯ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಶಾಲೆಯ ಇನ್ನೊಂದು ಪದ್ಧತಿ ಮಳೆಯ ಪರೀಕ್ಷೆ. ಒಣ ನೆಲದಲ್ಲಿ ಎಷ್ಟು ಚೆನ್ನಾಗಿ ಓಡಿಸಿದರೂ ಮಾಸ್ಟರು ಪಾಸು ಮಾಡುವುದಿಲ್ಲ. ಮಳೆ ಬರಬೇಕು, ತಾವು ಹಿಂದೆ ಕೂರಬೇಕು, ರಸ್ತೆಗೆ ಹೋಗಿ ಬರಬೇಕು. ಅಂಗಳಕ್ಕೆ ಪೈಪಿನಲ್ಲಿ ನೀರು ಬಿಡೋಣವೆಂದು ಮಾವ ಎಷ್ಟೋ ಸಲ ಹೇಳಿದ್ದ. "ಪೈಪಿನ ನೀರಲ್ಲಿ ನೆಲ ಮಾತ್ರ ಒದ್ದೆಯಾಗುತ್ತೆ. ಮಳೆಯಲ್ಲಿ ಧೈರ್ಯನೂ ಒದ್ದೆಯಾಗುತ್ತೆ. ನಾನು ನೋಡಬೇಕಾಗಿರೋದು ಅದನ್ನ," ಎಂಬುದು ಮಾಸ್ಟರ ಉತ್ತರ. ಪರೀಕ್ಷೆಗೆ ಹೊರಡುವಾಗ ಗೇಟಿನ ಹತ್ತಿರ ಅವರು ಒಂದು ಮಾತು ಹೇಳಿಕೊಡುತ್ತಾರಂತೆ. ಏನೆಂದು ಇನ್ಸ್‌ಪೆಕ್ಟರರು ಶನಿವಾರವೆಲ್ಲ ಹಳೆಯ ವಿದ್ಯಾರ್ಥಿಗಳನ್ನು ಕೇಳಿದ್ದರು. ಮಾಸ್ಟರಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರು ಕೂಡ ನಕ್ಕು, "ಅದನ್ನ ಹೇಳೋ ಹಾಗಿಲ್ಲ," ಎಂದಿದ್ದರು. ಊರಿನಲ್ಲಿ ಉಳಿದುಕೊಂಡ ಗುಟ್ಟೆಂದರೆ ಅದೊಂದೇ.

ಹುಡುಗಿ ಗಾಡಿ ಹೊರಡಿಸಿದಳು. ಮೊದಲ ಸುತ್ತಿನಲ್ಲಿ ಬ್ರೇಕಿನ ಕೆಂಪು ದೀಪ ಸುಮ್ಮನೆ ಮಿಣಮಿಣನೆ ಹೊತ್ತಿ ಆರಿತು.

"ಅದೇನದು?" ಎಂದರು ಇನ್ಸ್‌ಪೆಕ್ಟರರು.

"ಬ್ರೇಕಿನ ತಟ್ಟೆ ನೆನೆದಿರುತ್ತಲ್ಲ ಸಾರ್, ಮೊದಲ ಹಿಡಿತಕ್ಕೆ ಕಚ್ಚಲ್ಲ," ಎಂದ ಮಾವ. "ಹಗುರಾಗಿ ಒಂದೆರಡು ಸಲ ಮುಟ್ಟಿ ಒರೆಸಿಕೊಳ್ಳೋದು. ಊಟಕ್ಕೆ ಮುಂಚೆ ಕೈ ತೊಳೆದ ಹಾಗೆ. ನಾವ್ಯಾರೂ ಯೋಚನೆ ಮಾಡಿ ಮಾಡಲ್ಲ, ಆಗ್ಬಿಡುತ್ತೆ."

"ಮತ್ತೆ ಕಾಲಲ್ಲಿ ತುಳಿಯೋದು?"

"ಅದೂ ಹಾಗೇ, ಹೊಸಬರಿಗೆ ಆಗ್ಬಿಡುತ್ತೆ. ಮುಂದಿನ ಬ್ರೇಕ್ ಹಿಡಿದರೆ ಮಕಾಡೆ ಬೀಳ್ತೀವಿ ಅಂತ ಎಲ್ಲರಿಗೂ ಭಯ. ಬಿಗಿಹಿಡಿದು ಹಿಂಡಿದರೆ ಬೀಳ್ತಾರೆ, ನಿಜ. ಆದರೆ ಮಗುವಿನ ಬೆರಳು ಹಿಡಿದ ಹಾಗೆ ಹಿಡಿದು, ಗಾಡಿ ಮುಂದಕ್ಕೆ ಭಾರ ಕೊಟ್ಟ ಮೇಲೆ ಇನ್ನಷ್ಟು ಒತ್ತಿದರೆ, ನಿಲ್ಲಿಸೋದು ಅದೇ. ಹಿಂದಿನದು ಬರೀ ಜೊತೆಗಾರ." ಮಾವ ಪ್ಲಾಸ್ಟರಿನ ಅಂಚನ್ನು ಕೆರೆದುಕೊಂಡ. "ಭಯ ಆದಾಗ ಮನುಷ್ಯ ತನಗೆ ಅಪಾಯ ಅನ್ನಿಸಿದ್ದನ್ನ ಬಿಟ್ಟು, ಭರವಸೆ ಅನ್ನಿಸಿದ್ದನ್ನ ಜೋರಾಗಿ ತುಳೀತಾನೆ ಸಾರ್. ಹಾಗೇ ಜಾರೋದು."

ಇನ್ಸ್‌ಪೆಕ್ಟರರು ಆ ಮಾತನ್ನು ಒಳಗೇ ಒಂದು ಸಲ ತಿರುಗಿಸಿ ನೋಡುತ್ತಿದ್ದರು. ಆಗ ಗಾಡಿ ಅಂಗಳದ ಆಚೆ ತುದಿಯಿಂದ ತಿರುಗಿ ವೇಗವಾಗಿ ಶೆಡ್ಡಿನತ್ತ ಬಂತು. ಹಿಂದೆ ಕೂತ ದಫೇದಾರರು ಬಲಗೈ ಎತ್ತಿದರು. ಗೆಣ್ಣಿನಿಂದ ಹುಡುಗಿಯ ಹೆಲ್ಮೆಟ್ಟಿನ ಎಡಕ್ಕೆ ಒಂದು ಸಲ ತಟ್ಟಿದರು. ಬಲಕ್ಕೆ ಒಂದು ಸಲ. ಆಮೇಲೆ ನೆತ್ತಿಯ ಮೇಲೆ ಒಂದು ಸಲ.

ಗಾಡಿ ನೆಟ್ಟಗೆ, ಚೂರೂ ಬಾಲ ಬೀಸದೆ, ಬಿಳಿ ಪಟ್ಟೆಗೆ ಮುಂಚೆಯೇ ನಿಂತಿತು. ಅವಳ ಬಲಗೈಯ ಎರಡು ಬೆರಳು ಲಿವರಿನ ಮೇಲಿದ್ದವು. ಪಾದ ಪೆಡಲಿನ ಮೇಲೆ ಹೂವಿನ ಮೇಲಿಟ್ಟಂತಿತ್ತು. ನೆಲದ ಮೇಲೆ ಗೀರಿರಲಿಲ್ಲ. ತಾನೇ ಗೀರು ಬಿಟ್ಟೆನೆಂದು ಹೇಳಿಕೊಂಡ ಹುಡುಗಿ ಇವಳು. ಸುಳ್ಳು ಹೇಳಲು ಬಾಯಿ ಒಪ್ಪಿದ್ದರೂ ಬೆರಳು ಒಪ್ಪಿರಲಿಲ್ಲ.

ಆದರೆ ಅವಳು ಇಳಿಯಲಿಲ್ಲ. ಹೆಲ್ಮೆಟ್ ತೆಗೆದು, ಕೂತಲ್ಲಿಂದಲೇ ಹಿಂದಕ್ಕೆ ತಿರುಗಿ ದಫೇದಾರರನ್ನು ನೋಡಿದಳು. ಶೆಡ್ಡಿನಲ್ಲಿ ಮಾವ ಎದ್ದು ನಿಂತಿದ್ದ.

"ಎಡ, ಬಲ, ನೆತ್ತಿ," ಎಂದಳು ಹುಡುಗಿ ನಿಧಾನವಾಗಿ. "ಆಕ್ಸಿಲರೇಟರ್ ಬಿಡು, ಎರಡೂ ಬ್ರೇಕ್ ಹಿಡಿ, ಕಾಲೂರು. ಇದನ್ನ ಅಪ್ಪ ಗೇಟಿನ ಹತ್ರ, ಮಳೆ ಪರೀಕ್ಷೆಗೆ ಹೊರಟೋರಿಗೆ ಮಾತ್ರ ಹೇಳಿಕೊಡ್ತಾರೆ. ನಿಮಗ್ಯಾರು ಹೇಳಿದ್ರು?"

ಮಳೆಯ ಸದ್ದು ಇದ್ದಕ್ಕಿದ್ದಂತೆ ಜಾಸ್ತಿಯಾದಂತೆ ಕೇಳಿತು. ದಫೇದಾರರು ತಮ್ಮ ಗೆಣ್ಣುಗಳನ್ನು, ಬೇರೆಯವರ ಕೈ ಎಂಬಂತೆ ನೋಡಿಕೊಂಡರು.

ಇನ್ಸ್‌ಪೆಕ್ಟರರು ಮುರಿದ ಕೊಡೆಯ ಕೆಳಗೆ ಅಂಗಳಕ್ಕಿಳಿದರು.

"ಇಲಾಖೆಗೆ ಹೊಸ ಬೈಕು ಬಂದದ್ದು ಯಾವಾಗ ದಫೇದಾರ್ರೇ?"

"ಚಳಿಗಾಲ ಮುಗಿದ ಮೇಲೆ ಸಾರ್."

"ಓಡಿಸೋಕೆ ಬಾರದ ದಫೇದಾರರು ರೆಕಾರ್ಡ್ ರೂಮಿಗೆ ಅಂತ ಆರ್ಡರ್ ಬಂದದ್ದು?"

"ಅದರ ಜೊತೆಗೇ."

"ನೀವು ಮೀಸೆ ಮೂಡೋ ಮುಂಚೆಯಿಂದ ಗಾಡಿ ಓಡಿಸ್ತಿದ್ದೀನಿ ಅಂದ್ರಿ."

"ಅಂದೆ ಸಾರ್." ದಫೇದಾರರು ಗಾಡಿಯಿಂದ ಇಳಿದರು. "ಆ ರೂಮಲ್ಲಿ ಕಿಟಕಿ ಇಲ್ಲ. ಜಿರಳೆಗಳೂ ನಿವೃತ್ತಿಗೆ ಕಾಯ್ತಿರ್ತವೆ. ಬರಲ್ಲ ಅಂತ ಹೇಗೆ ಹೇಳಲಿ? ಸಂಜೆ ಬ್ಯಾಚಿಗೆ ಸೇರ್ಕೊಂಡೆ."

"ಇವತ್ತು ಬಿಟ್ಟರೆ, ಆಮೇಲಿಂದ ಮಳೆ ಬಂದದ್ದು ಶುಕ್ರವಾರ ಒಂದೇ."

"ಹೌದು."

"ಅಂದ್ರೆ ಪರೀಕ್ಷೆ ಆವತ್ತೇ."

"ಆವತ್ತೇ ಸಾರ್." ದಫೇದಾರರು ತಲೆ ಎತ್ತಿದರು. "ಆದರೆ ನಾನು ಪಾಸಾದೆ. ಟ್ಯಾಂಕಿನ ತಿರುವು ದಾಟಿ, ಸುತ್ತಿ ಬಂದು, ಮಾಸ್ಟರನ್ನ ಇದೇ ಗೇಟಿನ ಹತ್ರ ಇಳಿಸಿದೆ. ಬೆನ್ನು ತಟ್ಟಿದ್ರು. ನಾನು ಹೋಗುವಾಗ ಅವರು ನಗ್ತಾ ನಿಂತಿದ್ರು."

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಇನ್ಸ್‌ಪೆಕ್ಟರರು ಕೈ ಎತ್ತಿ ತಡೆದರು. ಆಮೇಲೆ ಅವರು ಮಾಡಿದ ಕೆಲಸಕ್ಕೆ ಇಲಾಖೆಯಲ್ಲಿ ಶೌರ್ಯ ಪದಕವಿಲ್ಲ, ಇರಬೇಕಿತ್ತು. ಹುಡುಗಿಯನ್ನು ಗಾಡಿಯಿಂದ ಇಳಿಸಿ, ಅವಳ ಹೆಲ್ಮೆಟ್ಟನ್ನು ತಮ್ಮ ತಲೆಗೆ ಒತ್ತಿ ತುರುಕಿ, ಹಿಂದಿನ ಸೀಟಿನ ಮೇಲೆ ಕಾಲು ಹಾಕಿ ಕೂತು, "ನಡೀರಿ," ಎಂದರು.

"ಸಾರ್, ನೀವು..."

"ಪಾಸಾದ ಮೇಲೆ ಭಯ ಯಾಕೆ? ಇರೋ ಭಯ ನನ್ನದು. ನಡೀರಿ."

ದಫೇದಾರರು ತಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಮುಂದೆ ಕೂತರು. ಗಾಡಿ ಹೊರಟಿತು. ಇನ್ಸ್‌ಪೆಕ್ಟರರು ಒಂದು ಕೈಯಲ್ಲಿ ದಫೇದಾರರ ಬೆಲ್ಟನ್ನು, ಇನ್ನೊಂದರಲ್ಲಿ ಮಡಚಿದ ಕೊಡೆಯನ್ನು ಹಿಡಿದು, ನಿವೃತ್ತಿ ವೇತನದ ಅರ್ಜಿಯಲ್ಲಿ ವಾರಸುದಾರರ ಹೆಸರು ತುಂಬಿದ್ದೇನೆಯೇ ಎಂದು ಯೋಚಿಸಿದರು. ಒಂದು ಸುತ್ತು. ಇನ್ನೊಂದು. ವೇಗ ಏರಿತು. ತಲೆ ತಟ್ಟಿ ನಿಲ್ಲಿಸಿದರೆ ಅದು ಕಲಿತ ಪಾಠದ ಪರೀಕ್ಷೆ. ತಿರುವಿನಲ್ಲಿ ಪಾಠ ಯಾರ ತಲೆಯನ್ನೂ ತಟ್ಟುವುದಿಲ್ಲ. ಅದಕ್ಕೇ ಅವರು ಏನೂ ಹೇಳದೆ, ಹಳೆಯ ಕೊಡೆಯನ್ನು ದಫೇದಾರರ ಕಿವಿಯ ಪಕ್ಕದಿಂದ ಎದುರಿಗೆ ಎಸೆದುಬಿಟ್ಟರು.

ಕೊಡೆ ಗಾಳಿಯಲ್ಲೇ ಬಿಚ್ಚಿಕೊಂಡು, ಕಪ್ಪಗೆ, ಜೀವವಿದ್ದಂತೆ ಚಕ್ರದ ಮುಂದೆ ಬಂದು ಬಿತ್ತು.

ದಫೇದಾರರ ಗಂಟಲಿನಿಂದ ವಿಚಿತ್ರವಾದ ಸದ್ದು ಹೊರಟಿತು. ಗಾಡಿಯ ಮೂತಿ ಮೆಲ್ಲಗೆ ತಗ್ಗಿತು. ಇನ್ಸ್‌ಪೆಕ್ಟರರ ಮೂಗು ದಫೇದಾರರ ಬೆನ್ನಿಗೆ ಒತ್ತಿತು. ಗಾಡಿ ನೆಟ್ಟಗೇ ಹೋಗಿ, ಕೊಡೆಯ ಕಡ್ಡಿಗಳ ಮೇಲೆ ಕರಕರನೆ ಹತ್ತಿ, ನಿಂತಿತು.

ಮಾವ ಬಂದು ಬಗ್ಗಿ ನೆಲ ನೋಡಿದ. ಹುಡುಗಿಯೂ ನೋಡಿದಳು.

"ಗೀರಿಲ್ಲ ಸಾರ್," ಎಂದ ಮಾವ. "ಭಾವ ಪಾಸು ಮಾಡಿದ್ದು ಸರಿಯಾಗೇ ಇದೆ. ಎರಡೂ ಹಿಡಿದಿದ್ದಾರೆ."

"ಕೊಡೆ ಮಾತ್ರ ಫೇಲು," ಎಂದರು ಇನ್ಸ್‌ಪೆಕ್ಟರರು ಇಳಿಯುತ್ತ.

ಆದರೆ ದಫೇದಾರರು ಇನ್ನೂ ಹ್ಯಾಂಡಲ್ ಬಿಟ್ಟಿರಲಿಲ್ಲ. ಗೆದ್ದವರ ಮುಖ ಅದಾಗಿರಲಿಲ್ಲ. ಇನ್ಸ್‌ಪೆಕ್ಟರರು ಅವರ ಎದುರಿಗೆ ಬಂದು ನಿಂತರು.

"ಹಾಗಾದ್ರೆ ಜಾರಿದ ಕೇಸು ಅಂತ ಯಾಕೆ ಅಂದ್ರಿ? ನಿಮ್ಮ ಪರೀಕ್ಷೆ ಮುಚ್ಚಿಡೋಕೆ ಅಂದ್ಕೊಳ್ಳೋಣ. ನಾಚಿಕೆ, ಸರಿ. ಈ ಹುಡುಗಿ ನಾನೇ ಅಂದಾಗಲೂ ಪೆನ್ನು ಬರೀಲಿಲ್ಲ. ಇವಳಲ್ಲ ಅಂತ ನಿಮಗೆ ಗೊತ್ತಿತ್ತು."

ದಫೇದಾರರು ಗಾಡಿಯ ಕನ್ನಡಿಯ ಮೇಲಿನ ನೀರನ್ನು ಒರೆಸಿದರು.

"ನೀವು ಹೋಗುವಾಗ ಮಾಸ್ಟರು ನಗ್ತಾ ನಿಂತಿದ್ರು ಅಂದ್ರಿ. ಒಬ್ಬರೇ ನಿಂತು ಯಾರಾದ್ರೂ ನಗ್ತಾರಾ?"

"ಇನ್ನೊಬ್ಬರು ಕಾಯ್ತಿದ್ರು ಸಾರ್," ಎಂದರು ದಫೇದಾರರು. "ಪರೀಕ್ಷೆಗೆ. ನನ್ನ ನಂತರ."

"ಯಾರು?"

"ಹೆಲ್ಮೆಟ್ ಹಾಕಿದ್ರು. ಕೊಡೆ ಹಿಡಿದಿದ್ರು. ಮುಖ ಕಾಣಲಿಲ್ಲ."

ಇಪ್ಪತ್ತು ವರ್ಷದ ಹಿಂದಿನ ಸೈಕಲ್ ಕಳ್ಳನನ್ನು ಸಂತೆಯ ಗುಂಪಿನಲ್ಲಿ ಬೆನ್ನು ನೋಡಿಯೇ ಹಿಡಿದ ದಫೇದಾರರಿವರು. ಮುಖ ಕಾಣಲಿಲ್ಲವಂತೆ.

"ಗಂಡಸೋ ಹೆಂಗಸೋ?"

"ಮಳೆ ಬರ್ತಿತ್ತು ಸಾರ್."

"ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ."

"ಅಲ್ಲ ಸಾರ್." ದಫೇದಾರರ ದನಿ ಇಳಿಯಿತು. "ರೆಕಾರ್ಡ್ ರೂಮಿಗೆ ಹಾಕಿ ಸಾರ್, ಸಸ್ಪೆಂಡ್ ಮಾಡಿ. ಇದೊಂದನ್ನ ಮಾತ್ರ ನನ್ನ ಬಾಯಿಂದ ಕೇಳಬೇಡಿ. ನಿಮ್ಮ ಕೈಕೆಳಗೆ ಇಷ್ಟು ವರ್ಷ ಕೆಲಸ ಮಾಡಿದ್ದೀನಿ."

ಇನ್ಸ್‌ಪೆಕ್ಟರರಿಗೆ ಕೋಪ ಬರಬೇಕಿತ್ತು. ಬಂದದ್ದು ಬೇರೇನೋ. ಅದು ಏನೆಂದು ಗುರುತಿಸಲು ಹೋಗದೆ ಅವರು ಹುಡುಗಿಯ ಕಡೆ ತಿರುಗಿದರು. "ನಿನ್ನ ಹೇಳಿಕೆ ನಾನು ತಗೊಳ್ಳಲ್ಲಮ್ಮ. ಅಪ್ಪ ಕಣ್ಣು ಬಿಟ್ಟಾಗ ಪಕ್ಕದಲ್ಲಿರು ಹೋಗು." ಹುಡುಗಿ ತಲೆಯಾಡಿಸಿದಳು. ಆಗಲೇ ಅವಳಿಗೆ ಅಳು ಬಂತು. ಮಾವ ಪ್ಲಾಸ್ಟರಿನ ಕೈಯನ್ನೇ ಅವಳ ತಲೆಯ ಮೇಲಿಟ್ಟ.

ಮಳೆ ಜೋರಾಗಿತ್ತು. ಜೀಪು ಗೇಟಿನ ಹೊರಗಿತ್ತು. ಅಂಗಳದ ನಡುವೆ ಅಟ್ಟದ ಕೊಡೆ ಚಪ್ಪಟೆಯಾಗಿ ಬಿದ್ದಿತ್ತು.

"ನೆನೀಬೇಡಿ ಸಾರ್, ಇರಿ," ಎಂದು ಮಾವ ಶೆಡ್ಡಿನೊಳಗೆ ಹೋದ. ಹೆಲ್ಮೆಟ್ಟುಗಳ ಸಾಲಿನ ಕೊನೆಯಲ್ಲಿ ಮರೆತು ಹೋದವರ ವಸ್ತುಗಳಿಗೆಂದೇ ಒಂದು ಗೂಟವಿತ್ತು. ಅಲ್ಲಿ ತೂಗುತ್ತಿದ್ದ ರೇನ್‌ಕೋಟನ್ನು ಸರಿಸಿ, ಅದರ ಹಿಂದಿನಿಂದ ಏನನ್ನೋ ತೆಗೆದ. "ಇದನ್ನ ತಗೊಂಡು ಹೋಗಿ. ಶುಕ್ರವಾರ ಸಂಜೆ ಗೇಟಿನ ಹತ್ರ ಒರಗಿಸಿ ಹೋಗಿದ್ರು ಯಾರೋ. ಇನ್ನೂ ಕೇಳ್ಕೊಂಡು ಬಂದಿಲ್ಲ. ಒಳ್ಳೆ ಕೊಡೆ, ಪಾಪ."

ದಫೇದಾರರು ಮುಖ ತಿರುಗಿಸಿ ಮಳೆಯನ್ನು ನೋಡತೊಡಗಿದರು.

ಇನ್ಸ್‌ಪೆಕ್ಟರರು ಕೈ ಚಾಚಿ ತೆಗೆದುಕೊಂಡರು. ಕಡ್ಡಿಗಳೆಲ್ಲ ನೆಟ್ಟಗಿದ್ದವು. ಬಟ್ಟೆಯಲ್ಲಿ ಒಂದೂ ತೂತಿರಲಿಲ್ಲ. ಹಿಡಿಗೆ ಸುತ್ತಿದ್ದ ನೀಲಿ ಉಲ್ಲನ್ ದಾರ ಇನ್ನೂ ಸ್ವಲ್ಪ ಒದ್ದೆಯಿತ್ತು.

ಕಾಣೆಯಾಗಿದ್ದ ಕೊಡೆ ಸಿಕ್ಕಿತು.